ಊರುಗೋಲಿನೊಳಗಿನ ಅಜ್ಜ

ಊಟದ ಮೇಜಿನ ಮೇಲೆ ನೀಲಿ ಚೌಕಳಿಯ ಮೇಣಬಟ್ಟೆ. ಒಂದು ಮೂಲೆಯಲ್ಲಿ ನಿಂಬೆಹಣ್ಣಿನ ಬೋಗುಣಿ. ಇನ್ನೊಂದು ಮೂಲೆಯಲ್ಲಿ ಮಧ್ಯಾಹ್ನ ಮುರಿದಿಟ್ಟ ಬ್ರೆಡ್ಡು, ಅದರ ಸುತ್ತ ಉದುರಿದ ಎಳ್ಳು. ಕಿಟಕಿಯ ಅಡ್ಡಪಟ್ಟಿಗಳ ಸಂದಿಯಿಂದ ಇಳಿದ ಬಿಸಿಲು ಇಡೀ ಮೇಜನ್ನು ಗೆರೆ ಹಾಕಿದ ಹಾಳೆಯಂತೆ ಮಾಡಿದೆ. ಆ ಗೆರೆಗಳ ಮೇಲೆ, ಯಾರೋ ಬರೆಯಲು ಹೊರಟು ಮನಸ್ಸು ಬದಲಿಸಿ ಬಿಟ್ಟುಹೋದ ಒಂದೇ ಒಂದು ಸಾಲಿನಂತೆ, ಊರುಗೋಲೊಂದು ಮಲಗಿದೆ. ಮೈ ಕರಿಮರದ್ದು, ಹಿಡಿ ಬೆಳ್ಳಿಯ ನಾಯಿತಲೆ. ತಲೆಗೂ ಮೈಗೂ ನಡುವೆ ಒಂದು ಗೇಣು ಅಂತರ. ಆ ಅಂತರದಲ್ಲಿ ಉಕ್ಕು, ತೆಳ್ಳಗೆ, ತಣ್ಣಗೆ, ಬಹುಕಾಲ ನಿದ್ದೆ ಮಾಡಿ ಈಗಷ್ಟೇ ಒಂದು ಕಣ್ಣು ತೆರೆದಂತೆ. ಉಕ್ಕಿನ ಮೇಲೆ ಕೂತ ನೊಣವೊಂದು ಮುಂಗಾಲು ಉಜ್ಜಿಕೊಳ್ಳುವುದನ್ನು ನಿಲ್ಲಿಸಿದೆ. ಮೇಜಿನ ಈಚೆ ಸೊಂಟಕ್ಕೆ ಕೈಯಿಟ್ಟ ಹೆಂಗಸು. ಆಚೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದ ಗಂಡಸು. ಯಾರೂ ಅಲುಗುತ್ತಿಲ್ಲ.

ಗಂಡಸು ಜೆಸುವಾಲ್ಡೊ ಕನ್ನಿತ್ಸೊ. ರೊಕ್ಕಸ್ಪೀನಾ ಪುರಸಭೆಯ ನೀರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಹೋದ ವರ್ಷ ನಿವೃತ್ತನಾದವನು. ಹೆಂಗಸು ಅವನ ಹೆಂಡತಿ ನೂನ್ಸಿಯಾ. ತೊಲೆಯ ಕೊಕ್ಕೆಯಲ್ಲಿದ್ದ ಬೆಳ್ಳುಳ್ಳಿ ಜಡೆಯನ್ನು ಇಳಿಸಿಕೊಡು ಎಂದು ಕೇಳಿದ್ದವಳು ಅವಳೇ. ಸ್ಟೂಲು ಹತ್ತುವುದು ಘನತೆಗೆ ತಕ್ಕದ್ದಲ್ಲವೆಂದು ಅವನು ಊರುಗೋಲಿನ ನಾಯಿಮೂತಿಯನ್ನು ಜಡೆಗೆ ಸಿಕ್ಕಿಸಿ, ಎರಡೂ ಕೈಯಿಂದ ಎಳೆದ. ಬೆಳ್ಳುಳ್ಳಿ ಕೆಳಗೆ ಬರಲಿಲ್ಲ, ಊರುಗೋಲು ಉದ್ದವಾಯಿತು.

“ಅದರೊಳಗೆ ಇನ್ನೊಂದಿದೆ,” ಎಂದಳು ನೂನ್ಸಿಯಾ.

ಇಲ್ಲಿ ಒಂದು ವಿಷಯವನ್ನು ನ್ಯಾಯವಾಗಿ ಹೇಳಬೇಕು. ಈ ಊರುಗೋಲಿನ ಬಗ್ಗೆ ಜೆಸುವಾಲ್ಡೊ ಸುಳ್ಳು ಹೇಳಿರಲಿಲ್ಲ. ತಲೆಯಾಡಿಸಿದ್ದ, ಅಷ್ಟೆ. ಪಕ್ಕದ ಊರಿನ ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ, ಮುರಿದ ದೀಪಗಳಿಗೂ ಸಂತರ ಪಟಗಳಿಗೂ ನಡುವೆ ಬಿದ್ದಿದ್ದ ಅದನ್ನು ಕೊಂಡುಕೊಂಡು, ಮರುದಿನ ಬೆಳಿಗ್ಗೆ ಚೌಕದಲ್ಲಿ ನಡೆದುಬರುವಾಗ, ಕ್ಷೌರದಂಗಡಿಯ ಬಾಗಿಲಲ್ಲಿ ನಿಂತಿದ್ದ ಅದರ ಮಾಲೀಕ ಮೇಸ್ತ್ರಿ ಕಲೋಜೆರೊ, “ಅಜ್ಜನದೋ?” ಎಂದು ಕೇಳಿದ. ಬಿಸಿಲಿತ್ತು, ನಿಂತು ವಿವರಿಸುವ ಹೊತ್ತಲ್ಲ. ಜೆಸುವಾಲ್ಡೊ ತಲೆಯಾಡಿಸಿ ಮುಂದೆ ನಡೆದ. ಒಂದು ತಲೆಯಾಡಿಕೆ ಕ್ಷೌರದಂಗಡಿಯೊಳಗೆ ಹೋದರೆ ಸಂಜೆಯೊಳಗೆ ಅದಕ್ಕೆ ಕೈಕಾಲು ಬಂದು ಮೀಸೆ ಬೆಳೆಯುತ್ತದೆ ಎಂಬುದು ರೊಕ್ಕಸ್ಪೀನಾದಲ್ಲಿ ಹುಟ್ಟಿದವನಿಗೆ ಗೊತ್ತಿರಬೇಕಿತ್ತು.

ಸಂಜೆ ಸಭ್ಯರ ಕೂಟದ ಮುಂದೆ ಹಾದುಹೋಗುವಾಗ ಅದು ನಿಜವಾಯಿತು. ಚೌಕದ ನೆರಳಿನ ಬದಿಯಲ್ಲಿ ಕೂಟದ ಬೆತ್ತದ ಕುರ್ಚಿಗಳು ಸಾಲಾಗಿರುತ್ತವೆ. ಅವುಗಳಲ್ಲಿ ಕೂರುವವರನ್ನು ಊರು ‘ದೊನ್’ ಎಂದು ಕರೆಯುತ್ತದೆ, ಉಳಿದವರು ಅವರ ಮುಂದೆ ಹಾದುಹೋಗುವವರು. ಜೆಸುವಾಲ್ಡೊ ಇಡೀ ವೃತ್ತಿಜೀವನ ಹಾದುಹೋಗುವವನಾಗಿದ್ದ. ಆ ಕುರ್ಚಿಗಳಿಂದ ಅವನಿಗೆ ಕೇಳುತ್ತಿದ್ದ ಮಾತು ಒಂದೇ: “ಏ ಜೆಸುವಾಲ್ಡೊ, ನೀರು ಯಾವಾಗ ಬಿಡ್ತೀಯಪ್ಪ?” ಅಂದು ಸಂಜೆ ಕೂಟದ ಅಧ್ಯಕ್ಷರೂ ಔಷಧಿ ಅಂಗಡಿಯ ಮಾಲೀಕರೂ ಆದ ದೊನ್ ಫಿರೆತ್ತಿ ತಮ್ಮ ಪಕ್ಕದ ಕುರ್ಚಿಯನ್ನು ಕಾಲಿನಿಂದ ಸ್ವಲ್ಪ ಈಚೆಗೆ ತಳ್ಳಿ, “ದೊನ್ ಜೆಸುವಾಲ್ಡೊ, ಒಂದು ನಿಮಿಷ ಕೂತ್ಕೊಳ್ಳಿ,” ಎಂದರು.

ಕೂತಮೇಲೆ ಅಜ್ಜನ ಬಗ್ಗೆ ಏನಾದರೂ ಹೇಳಲೇಬೇಕಾಗುತ್ತದೆ. ಮೊದಲ ಸಂಜೆ ಅಜ್ಜ ಮಿತಭಾಷಿಯಾಗಿದ್ದ. ಮರುಸಂಜೆ ಬಿಳಿ ಕೈಗವಸು ತೊಟ್ಟ. ವಾರ ಕಳೆಯುವಷ್ಟರಲ್ಲಿ ಅವನು ಹಳೆಯ ಸೇತುವೆಯ ಮೇಲೆ ಮೂವರು ದರೋಡೆಕೋರರನ್ನು ಬಂದೂಕಿಲ್ಲದೆ, ಕೈಯಲ್ಲಿದ್ದ ಊರುಗೋಲೊಂದರಿಂದಲೇ ಓಡಿಸಿದ್ದ. ಬರೀ ಕೋಲಿನಿಂದ ಹೇಗೆ ಸಾಧ್ಯ ಎಂದು ಫಿರೆತ್ತಿ ಕೇಳಿದಾಗ ಜೆಸುವಾಲ್ಡೊ ಸಣ್ಣಗೆ ನಕ್ಕು, ಅದು ಬರೀ ಕೋಲಲ್ಲ ಎಂದಿದ್ದ. ಆ ಮಾತಿಗೆ ಅವನಿಗೇ ಅರ್ಥವಿರಲಿಲ್ಲ. ಈಗ ಮೇಣಬಟ್ಟೆಯ ಮೇಲೆ ಮಲಗಿ ಅದರ ಅರ್ಥ ಹೊಳೆಯುತ್ತಿತ್ತು.

ಜಗತ್ತಿನಲ್ಲಿ ಎಷ್ಟೋ ಸುಳ್ಳುಗಳು ಸಾಕ್ಷಿಯಿಲ್ಲದೆ ಸಾಯುತ್ತವೆ. ಜೆಸುವಾಲ್ಡೊನ ಸುಳ್ಳಿಗೆ ಸಾಕ್ಷಿ ಸಿಕ್ಕಿತ್ತು. ಅವನು ಕತ್ತಿಯನ್ನು ಒಳಗೆ ತಳ್ಳಿ ಮುಚ್ಚಲು ನೋಡಿದ. ಅದು ಹೋಗಲಿಲ್ಲ.

ಊರುಗೋಲನ್ನು ಮೇಜಿನ ಮೇಲೇ ಬಿಟ್ಟು ಅವನು ಔಷಧಿ ಅಂಗಡಿಗೆ ಹೋದ. ಫಿರೆತ್ತಿಯವರು ಹರೆಯದಲ್ಲಿ ಕಾನೂನು ಓದಲು ಪಲೆರ್ಮೊಗೆ ಹೋಗಿ, ಅರ್ಧಕ್ಕೇ ಮಾತ್ರೆಗಳ ಕಡೆ ತಿರುಗಿದವರು. ಆ ಬಿಟ್ಟುಹೋದ ಅರ್ಧ ಅವರಲ್ಲಿ ಇನ್ನೂ ಹಸಿಯಾಗಿತ್ತು. ತನ್ನ ಸ್ನೇಹಿತನೊಬ್ಬನಿಗೆ, ಬೇರೆ ಊರಿನವನಿಗೆ, ಇಂಥದೊಂದು ವಸ್ತು ಸಿಕ್ಕಿದೆ ಎಂದು ಜೆಸುವಾಲ್ಡೊ ಕೆಮ್ಮಿನ ಔಷಧಿ ಕೇಳುವ ದನಿಯಲ್ಲಿ ಶುರುಮಾಡಿದ. ಫಿರೆತ್ತಿ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಕೇಳುವವನಿಗೆ ಕೂರಲು ಜಾಗ ಬೇಕಾಗುತ್ತದೆ.

ಅಡುಗೆಮನೆಯ ಚಾಕು ಆಯುಧವಲ್ಲ, ಅದು ಸಲಕರಣೆ ಎಂದು ಅವರು ವಿವರಿಸಿದರು. ಕುಡುಗೋಲು ಸಲಕರಣೆ, ಕೊಡಲಿಯೂ ಸಲಕರಣೆ. ಅವುಗಳಿಂದ ಕೊಲೆ ಆಗಬಹುದು, ಆಗಿಯೂ ಇದೆ, ಆದರೆ ಅವು ಅದಕ್ಕಾಗಿ ಹುಟ್ಟಿದವಲ್ಲ. ಕಾರಣವಿದ್ದರೆ ಕೈಯಲ್ಲಿ ಹಿಡಿದು ಹೋಗಬಹುದು. ಊರುಗೋಲಿನೊಳಗಿನ ಕತ್ತಿ ಹಾಗಲ್ಲ. ಅದು ಬ್ರೆಡ್ಡು ಕುಯ್ಯುವುದಿಲ್ಲ, ದ್ರಾಕ್ಷಿ ಬಳ್ಳಿ ಸವರುವುದಿಲ್ಲ. ಊರುಗೋಲಿನ ವೇಷದಲ್ಲಿ ನಿಂತು ಕಾಯುವುದೊಂದೇ ಅದರ ಕಸುಬು. ಆದ್ದರಿಂದ ಕಾನೂನಿನ ಕಣ್ಣಿಗೆ ಅದು ಶುದ್ಧ ಆಯುಧ. ಮನೆಯಲ್ಲಿಡಬೇಕಾದರೆ ಠಾಣೆಗೆ ತಿಳಿಸಿರಬೇಕು. ಹೊರಗೆ ಹಿಡಿದು ಓಡಾಡುವುದಕ್ಕೆ ಪರವಾನಗಿ ಇಲ್ಲ. ಸಿಗುವುದಿಲ್ಲ ಎಂದಲ್ಲ, ಅಂಥ ಪರವಾನಗಿಯೇ ಇಲ್ಲ.

ಮೂರು ವಾರಗಳಿಂದ ಚೌಕದಲ್ಲಿ ಅದನ್ನು ಊರಿಕೊಂಡು ಅಡ್ಡಾಡಿದ್ದು ಜೆಸುವಾಲ್ಡೊಗೆ ನೆನಪಾಯಿತು. ಠಾಣಾಧಿಕಾರಿಯ ಜೀಪಿನ ಚಕ್ರವನ್ನು ಅದರಿಂದಲೇ ತಟ್ಟಿ, ಗಾಳಿ ಕಡಿಮೆಯಿದೆ ಎಂದು ಸಲಹೆ ಕೊಟ್ಟದ್ದೂ ನೆನಪಾಯಿತು.

“ನಿಮ್ಮ ಸ್ನೇಹಿತರಿಗೆ ಅದು ಎಲ್ಲಿಂದ ಬಂತು ಅನ್ನೋದರ ಮೇಲೆ ಎಲ್ಲಾ ನಿಂತಿದೆ ನೋಡಿ, ದೊನ್ ಜೆಸುವಾಲ್ಡೊ,” ಎಂದರು ಫಿರೆತ್ತಿ. “ಒಳಗೇನಿದೆ ಅಂತ ತಿಳೀದೆ ಎಲ್ಲೋ ಕೊಂಡು, ತಿಳಿದ ದಿನವೇ ಠಾಣೆಗೆ ಹೇಳಿದ್ರೆ, ಮನುಷ್ಯ ಪೆದ್ದ. ಪೆದ್ದರ ಬಗ್ಗೆ ಕಾನೂನಿಗೆ ತುಂಬಾ ಕನಿಕರ. ಆದರೆ ಅದು ಅಜ್ಜನಿಂದ ಬಂದದ್ದಾದರೆ, ಅಜ್ಜ ಸತ್ತಾಗ ಅಪ್ಪ ತಿಳಿಸಬೇಕಿತ್ತು. ಅಪ್ಪ ಸತ್ತಾಗ ಮಗ ತಿಳಿಸಬೇಕಿತ್ತು. ಒಳಗಿರೋದು ಗೊತ್ತಿರಲಿಲ್ಲ ಅನ್ನೋ ಹಾಗೂ ಇಲ್ಲ, ಮನೆತನದಲ್ಲಿ ಅದರ ಕಥೆ ಹೇಳಿಕೊಂಡು ಬಂದಿದ್ದರೆ.” ಕನ್ನಡಕ ಹಾಕಿಕೊಂಡು, ಮೃದುವಾಗಿ, “ಸೇತುವೆ, ದರೋಡೆಕೋರರು, ಅಂಥದೇನಾದರೂ,” ಎಂದರು.

ಜೆಸುವಾಲ್ಡೊ ಕೆಮ್ಮಿನ ಔಷಧಿ ಕೊಂಡುಕೊಂಡು ಹೊರಬಂದ. ಅವನ ಮುಂದೆ ಎರಡೇ ದಾರಿಗಳಿದ್ದವು, ಎರಡೂ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ನಿಜ ಹೇಳಿದರೆ ಮನೆ ಉಳಿಯುತ್ತದೆ, ಕುರ್ಚಿ ಹೋಗುತ್ತದೆ; ನಾಳೆಯಿಂದ ಮತ್ತೆ ‘ನೀರು ಯಾವಾಗ ಬಿಡ್ತೀಯಪ್ಪ’. ಅಜ್ಜನನ್ನು ಉಳಿಸಿಕೊಂಡರೆ ಕುರ್ಚಿ ಉಳಿಯುತ್ತದೆ, ಅದರಲ್ಲಿ ಕೂರಲು ಅವನು ಕಟಕಟೆಯಿಂದ ಬಿಡುವು ಮಾಡಿಕೊಂಡು ಬರಬೇಕಾಗುತ್ತದೆ. ಬಾವಿಗೆ ಎಸೆದುಬಿಡು ಎಂದಳು ನೂನ್ಸಿಯಾ. ಬಾವಿ ಇಡೀ ಬೀದಿಗೆ ಒಂದೇ. ಅದರಲ್ಲಿ ಏನು ಬಿದ್ದರೂ ಬೇಸಗೆಯಲ್ಲಿ ಮೇಲೆ ಬರುತ್ತದೆ ಎಂಬುದನ್ನು ನೀರಿನ ಕಚೇರಿಯವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ.

ಕೊನೆಗೆ ಅವನು ಬರಿಗೈಯಲ್ಲಿ ಠಾಣೆಗೆ ಹೋದ. ಠಾಣಾಧಿಕಾರಿ ಬೆರ್ತೊಲಿನ್ ಉತ್ತರದ ಕಡೆಯವರು; ಮಂಜಿನ ನಾಡಿನಿಂದ ಬಂದವರಾದ್ದರಿಂದಲೋ ಏನೋ ಎಲ್ಲವನ್ನೂ ಸ್ಪಷ್ಟವಾಗಿ ನೋಡಬೇಕೆಂಬ ಹಟ ಅವರಿಗಿತ್ತು. ಮನೆಯಲ್ಲಿ ಒಂದು ವಸ್ತುವಿದೆ, ತಂದು ಒಪ್ಪಿಸಲೇ ಎಂದು ಜೆಸುವಾಲ್ಡೊ ಕೇಳಿದ. ತರುವಂತಿಲ್ಲ ಎಂದರು ಅವರು; ತರುವುದೆಂದರೆ ಒಯ್ಯುವುದು, ಒಯ್ಯುವುದೇ ಅಪರಾಧ, ಬಾಗಿಲಲ್ಲೇ ತಾವು ಅವನನ್ನು ಹಿಡಿಯಬೇಕಾಗುತ್ತದೆ. ಕಂಬಳಿಯಲ್ಲಿ ಸುತ್ತಿ ತಂದರೆ? ಹಾಗಾದರೆ ಬಚ್ಚಿಟ್ಟು ತಂದಂತೆ; ಇನ್ನೂ ದೊಡ್ಡದು. ಸಂಜೆ ತಾವೇ ಬರುವುದಾಗಿ ಹೇಳಿದರು. ಸಮವಸ್ತ್ರವಿಲ್ಲದೆ ಬರಬಹುದೇ ಎಂದು ಜೆಸುವಾಲ್ಡೊ ಅಂಗಲಾಚಿದ. ಅಧಿಕಾರಿ ಗಂಭೀರವಾಗಿ ಯೋಚಿಸಿ, ಸಮವಸ್ತ್ರವಿಲ್ಲದೆ ಅದನ್ನು ಕೈಯಲ್ಲಿ ಹಿಡಿದು ಹೊರಬಂದರೆ ತಮ್ಮನ್ನೇ ತಾವು ಹಿಡಿಯಬೇಕಾಗುತ್ತದೆ ಎಂದರು.

ಮನೆಗೆ ಬಂದವನೇ ಜೆಸುವಾಲ್ಡೊ ಒಂದು ಜಾಣತನ ಮಾಡಿದ. ದಾರಿಹೋಕರಿಗೆ ಒಳಗಿನ ಮೇಜು ಕಾಣದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ. ಅಧಿಕಾರಿ ಬಾಗಿಲು ತಟ್ಟುತ್ತ ಬೀದಿಯಲ್ಲಿ ನಿಲ್ಲದೆ ಸರಕ್ಕನೆ ಒಳಗೆ ಬರಲೆಂದು ಮುಂಬಾಗಿಲಿನ ಎರಡು ಪಡಿಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದನ್ನು ಓರೆ ಮಾಡಿ ಬಿಟ್ಟ. ರೊಕ್ಕಸ್ಪೀನಾದಲ್ಲಿ ಹೀಗೆ ಒಂದೇ ಪಡಿ ಮುಚ್ಚುವುದಕ್ಕೆ ಒಂದೇ ಅರ್ಥವಿದೆ, ಅದನ್ನು ಅವನು ಮಗುವಾಗಿದ್ದಾಗಿನಿಂದ ಬಲ್ಲ. ಭಯ ಮನುಷ್ಯನಿಂದ ಮೊದಲು ಕಸಿದುಕೊಳ್ಳುವುದು ಚಿಕ್ಕಂದಿನಿಂದ ಬಲ್ಲದ್ದನ್ನೇ.

ಮೊದಲು ಬಂದವಳು ಎದುರುಮನೆಯ ದೊನ್ನಾ ರೊಸಾರಿಯಾ, ಕೈಯಲ್ಲಿ ಮುಚ್ಚಿದ ಪಾತ್ರೆ, ಅದರಲ್ಲಿ ಕೋಳಿಸಾರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು. ನೆರೆಯವರೇ ಊಟ ತರಬೇಕು. ಅವಳು ಮಾತಿಲ್ಲದೆ ನೂನ್ಸಿಯಾಳನ್ನು ತಬ್ಬಿಕೊಂಡು ಅತ್ತಳು. ಅವಳ ಹಿಂದೆ ಕಾಫಿ ಬಂತು, ಕಾಫಿಯ ಹಿಂದೆ ಬಾದಾಮಿ ಬಿಸ್ಕತ್ತು, ಬಿಸ್ಕತ್ತಿನ ಹಿಂದೆ ತಮ್ಮ ತಮ್ಮ ಮನೆಯ ಕುರ್ಚಿಗಳನ್ನು ಹೊತ್ತ ಬೀದಿಯವರು. ಜೆಸುವಾಲ್ಡೊಗೆ ಊರುಗೋಲಿನ ಮೇಲೆ ಮೇಜುಬಟ್ಟೆಯೊಂದನ್ನು ಎಳೆದು ಮುಚ್ಚಲಷ್ಟೇ ಸಮಯವಿತ್ತು. ಬಿಳಿಬಟ್ಟೆಯ ಕೆಳಗೆ ಉದ್ದಕ್ಕೆ ಏನೋ ಮಲಗಿರುವುದನ್ನು ಕಂಡು ಒಳಗೆ ಬಂದವರೆಲ್ಲ ಶಿಲುಬೆಯ ಗುರುತು ಮಾಡಿಕೊಂಡರು. ಅಷ್ಟು ಸಣಕಲಾದವರು ಯಾರಿರಬಹುದು ಎಂದು ಆಮೇಲೆ ಯೋಚಿಸಿದರು.

ಯಾರೂ ಸತ್ತಿಲ್ಲ ಎಂದು ಜೆಸುವಾಲ್ಡೊ ಒಬ್ಬೊಬ್ಬರಿಗೂ ಹೇಳಿದ. ಅವರು ಅವನ ಭುಜ ಒತ್ತಿ, ಧೈರ್ಯವಾಗಿರಬೇಕು ಎಂದರು. ಹೋದವರು ಯಾರು ಎಂದು ರೊಸಾರಿಯಾ ಐದನೆಯ ಸಲವೋ ಆರನೆಯ ಸಲವೋ ಕೇಳಿದಾಗ ನೂನ್ಸಿಯಾಳ ತಾಳ್ಮೆ ಮುಗಿಯಿತು.

“ಅವನಜ್ಜ,” ಎಂದಳು.

ಆ ಅಜ್ಜ ಮಹಾಯುದ್ಧಕ್ಕೆ ಮುಂಚೆಯೇ ಸತ್ತಿದ್ದ ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಸಾವಿನ ಮನೆಯ ಮಾತು ಬಾಯಿಂದ ಬಾಯಿಗೆ ಹೋಗಿ, ಫಿರೆತ್ತಿಯವರು ಕಪ್ಪು ಟೈ ಕಟ್ಟಿಕೊಂಡು ಬಂದರು. ಮೇಸ್ತ್ರಿ ಕಲೋಜೆರೊ ಅಂಗಡಿಗೆ ಬೀಗ ಹಾಕಿ ಬಂದ. ಬಂದು ಎಲ್ಲರಿಗೂ ಕೇಳುವ ಪಿಸುಮಾತಿನಲ್ಲಿ, ಠಾಣಾಧಿಕಾರಿ ಬರುತ್ತಿದ್ದಾರಂತೆ, ಊರುಗೋಲಿನೊಳಗೆ ಕತ್ತಿ ಇದೆಯಂತೆ ಎಂದು ತಿಳಿಸಿದ. ಅವನಿಗೆ ಹೇಗೆ ತಿಳಿಯಿತೆಂದು ಯಾರೂ ಕೇಳಲಿಲ್ಲ. ಅಳು ನಿಂತಿತು. ಬೆಳಕಿಗಾಗಿ ಕಿಟಕಿ ತೆಗೆದರು. ಬಂದಾಗಿದೆ, ಕುರ್ಚಿಗಳೂ ಇವೆ, ಸಾರೂ ಬಿಸಿಯಾಗಿದೆ. ಎದ್ದು ಹೋಗುವುದು ಅನಾಗರಿಕತೆ ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿತು. ಸೇತುವೆಯ ಮೇಲೆ ಬರೀ ಕೋಲು ಹೇಗೆ ಸಾಕಾಯಿತೆಂಬ ಬಹುದಿನದ ಸಂಶಯ ಪರಿಹಾರವಾದುದಕ್ಕೆ ಫಿರೆತ್ತಿ ಜೆಸುವಾಲ್ಡೊನ ಕೈಕುಲುಕಿದರು. ಅವರ ಬೆಚ್ಚನೆಯ ಕೈಯೊಳಗೆ ಇವನ ಕೈ ಸತ್ತ ಮೀನಿನಂತೆ ಬಿದ್ದುಕೊಂಡಿತ್ತು.

ಆಗ ಕೊನ್ಸೊಲಾತಾ ಬಂದಳು.

ಜೆಸುವಾಲ್ಡೊನ ದೊಡ್ಡಪ್ಪನ ಮಗಳು, ಅವನಿಗಿಂತ ಹಿರಿಯಳು. ಕೆಳಗೇರಿಯಲ್ಲಿ ಒಬ್ಬಳೇ ಇದ್ದು ಕುರ್ಚಿಗಳಿಗೆ ಹುಲ್ಲಿನ ಹೆಣಿಗೆ ಹಾಕಿ ಬದುಕುವವಳು. ಅವಳು ಅಳಲಿಲ್ಲ, ಯಾರನ್ನೂ ತಬ್ಬಲಿಲ್ಲ. ಬಟ್ಟೆಯ ತುದಿ ಎತ್ತಿ ಬೆಳ್ಳಿಯ ನಾಯಿಯನ್ನು ನೋಡಿ, ತೂಕ ಅಂದಾಜು ಮಾಡುವಂತೆ ಬೆರಳಿನಿಂದ ಒಮ್ಮೆ ಎತ್ತಿ ಇಳಿಸಿ, ತುಂಬಿದ ಸಭೆಯಲ್ಲಿ, ಅಜ್ಜನ ಆಸ್ತಿಯಾದರೆ ಅರ್ಧ ತನ್ನದು ಎಂದಳು. ಸಭೆ ಇದನ್ನು ನ್ಯಾಯವೆಂದು ಒಪ್ಪಿತು. ತಲೆ ಯಾರಿಗೆ, ಕತ್ತಿ ಯಾರಿಗೆ ಎಂಬ ಚರ್ಚೆ ಮೂಲೆಯಲ್ಲಿ ಶುರುವಾಗುತ್ತಿದ್ದಂತೆ ಜೆಸುವಾಲ್ಡೊ ಅವಳನ್ನು ಅಡುಗೆಮನೆಗೆ ಕರೆದೊಯ್ದ.

“ಅಕ್ಕಾ, ನಿನಗೆ ಗೊತ್ತಲ್ಲ...”

“ಗೊತ್ತು ಕಣೋ. ನೀನೊಬ್ಬ ಅಜ್ಜನನ್ನ ಹುಟ್ಟಿಸಿದ್ದೀಯ. ಹುಟ್ಟಿಸಿದ ಮೇಲೆ ನಾನೂ ಅವನಿಗೆ ಮೊಮ್ಮಗಳೇ. ಬೆಳ್ಳಿ ಅಂದ್ರೆ ನನಗೂ ಬೇಡ ಅಂತೇನಿಲ್ಲ.”

ಅವನು ಠಾಣೆ, ಕಟಕಟೆ, ಕಾನೂನಿನ ಕನಿಕರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಒಲೆಗೆ ಒರಗಿ ಕೇಳಿದಳು. ಕೇಳಿ ಮುಗಿದ ಮೇಲೆ, ಯಾರನ್ನೋ ನೆನೆದು ನಗುವಂತೆ ಸ್ವಲ್ಪ ನಕ್ಕಳು. ಅವಳು ಅಜ್ಜನ ಇದ್ದಿಲುಗಾಡಿಯ ಮೇಲೆ ಮೂಟೆಗಳ ನಡುವೆ ಕೂತು ಬೆಳೆದವಳು. ಏರು ಬಂದಾಗ ಅಜ್ಜ ಇಳಿದು, ಹೇಸರಗತ್ತೆಗೆ ಭಾರವಾಗದಿರಲೆಂದು ಗಾಡಿಗೆ ಹೆಗಲು ಕೊಡುತ್ತಿದ್ದ; ಮೊಮ್ಮಗಳನ್ನು ಮಾತ್ರ ಇಳಿಸುತ್ತಿರಲಿಲ್ಲ. ಟೋಪಿಯೊಳಗೆ ಅಂಜೂರ ತರುತ್ತಿದ್ದ. ತಿಂದವರ ಬಾಯೆಲ್ಲ ಕಪ್ಪಾಗುತ್ತಿತ್ತು. ಇವೆಲ್ಲವನ್ನೂ ಅವಳು ಹೇಳಲಿಲ್ಲ, ಜೆಸುವಾಲ್ಡೊಗೆ ಅವು ನೆನಪಿದ್ದವು. ಅವನ ಬಾಯೂ ಕಪ್ಪಾಗಿತ್ತು.

“ಒಂದು ಕೆಲಸ ಮಾಡು,” ಎಂದಳು. “ಇಷ್ಟು ಜನರೆದುರಿಗೆ ನಮ್ಮಜ್ಜನ ಹೆಸರು ತುರಿ, ಇದ್ದಿಲು ಮಾರ್ತಿದ್ದ ಅಂತ ಹೇಳು. ನನ್ನ ಪಾಲು ನಾನು ಬಿಟ್ಟೆ. ಕಾನೂನಿಗೂ ಅದೇ ಬೇಕಲ್ವಾ, ಖರ್ಚೇನೂ ಇಲ್ಲ.”

ಅವನು ಒಪ್ಪಿದ. ಒಪ್ಪುವುದು ಅಡುಗೆಮನೆಯಲ್ಲಿ ಯಾವಾಗಲೂ ಸುಲಭ.

ಬೆರ್ತೊಲಿನ್ ಬಂದಾಗ ಇಡೀ ಮನೆ ಎದ್ದು ನಿಂತಿತು. ರೊಸಾರಿಯಾ ಅವರ ಕೈಗೆ ಸಾರಿನ ಬಟ್ಟಲು ಕೊಟ್ಟಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಎಡಗೈಯಲ್ಲಿ ಬಟ್ಟಲು ಹಿಡಿದೇ ಬಲಗೈಯಿಂದ ಬಟ್ಟೆ ಸರಿಸಿದರು. ಕತ್ತಿಯನ್ನು ಪೂರ್ತಿ ಎಳೆದರು. ಸಭೆಯ ಉಸಿರೂ ಅದರೊಂದಿಗೆ ಹೊರಬಂತು. ಅಳೆದರು, ಅಂಚು ಮುಟ್ಟಿ ನೋಡಿದರು, ಒಳಕ್ಕೆ ತಳ್ಳಿದರು. ಅವರ ಕೈಯಲ್ಲಿ ಅದು ತಕರಾರಿಲ್ಲದೆ ಹೋಯಿತು. ಆಮೇಲೆ ಮೇಜಿನ ಮುಂದೆ ಕೂತು, ಹಾಳೆ ಹರಡಿ, ಇದು ನಿಮಗೆ ಎಲ್ಲಿಂದ ಬಂತು ಎಂದು ಕೇಳಿದರು.

ಇಂಥ ಮೌನ ರೊಕ್ಕಸ್ಪೀನಾದಲ್ಲಿ ಶುಭಶುಕ್ರವಾರ ಬಿಟ್ಟರೆ ಇಲ್ಲ. ಜೆಸುವಾಲ್ಡೊ ಫಿರೆತ್ತಿಯವರ ಕಪ್ಪು ಟೈ ನೋಡಿದ, ಕಲೋಜೆರೊನ ತೆರೆದ ಬಾಯಿ ನೋಡಿದ, ಅಡುಗೆಮನೆಯ ಬಾಗಿಲಲ್ಲಿ ನಿಂತ ಕೊನ್ಸೊಲಾತಾಳನ್ನು ನೋಡಲಿಲ್ಲ. ನಂತರ, ತಪ್ಪೊಪ್ಪಿಗೆಗೆ ಕೂತವನಂತೆ ಬಾಗಿ, ಅಧಿಕಾರಿಯ ಕಿವಿಯಲ್ಲಿ ನಿಜವನ್ನೆಲ್ಲ ಪಿಸುಗುಟ್ಟಿದ.

ಅವನು ತನ್ನ ಪಾಲಿನ ಧೈರ್ಯವನ್ನು ತೋರಿಸಿದ್ದ. ಅದು ಪಿಸುಮಾತಿನ ಅಳತೆಯದಾಗಿದ್ದರೆ ಅದಕ್ಕೆ ಅವನನ್ನು ದೂರುವುದು ಸರಿಯಲ್ಲ. ನಿಜ ಸರ್ಕಾರಕ್ಕೆ ತಲುಪಿತು, ಸುಳ್ಳು ಊರಿನಲ್ಲಿ ಉಳಿಯಿತು, ಎರಡೂ ಒಂದನ್ನೊಂದು ಮುಟ್ಟುವುದಿಲ್ಲ ಎಂದು ಅವನ ಹೃದಯ ಹಗುರಾಗುತ್ತಿತ್ತು. ಅಧಿಕಾರಿ ಬರೆದರು, ಒತ್ತಿ ಒತ್ತಿ ಬರೆದರು. ಪೆನ್ನು ಕೊಡಿ, ಸಹಿ ಹಾಕುತ್ತೇನೆ ಎಂದು ಜೆಸುವಾಲ್ಡೊ ಕೈ ಚಾಚಿದ. ಬೆರ್ತೊಲಿನ್ ಎದ್ದು ನಿಂತರು. ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ, ಕ್ರಮವಿರುವುದೇ ಹಾಗೆ. ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲಿನವರಿಗೂ ಕೇಳುವಂತೆ, ಮಂಜಿನ ನಾಡಿನ ಆ ಸ್ಪಷ್ಟ ಉಚ್ಚಾರದಲ್ಲಿ ಓದತೊಡಗಿದರು.

ತಾನು, ಜೆಸುವಾಲ್ಡೊ ಕನ್ನಿತ್ಸೊ, ಈ ಊರುಗೋಲನ್ನು ಸಂತೆಯಲ್ಲಿ ಗುರುತಿಲ್ಲದವನಿಂದ ಕೊಂಡೆನೆಂದೂ. ಒಳಗೆ ಕತ್ತಿಯಿರುವುದು ಬೆಳ್ಳುಳ್ಳಿ ಇಳಿಸುವಾಗ ತಿಳಿಯಿತೆಂದೂ. ತನ್ನ ಅಜ್ಜ ಸಾಲ್ವತೋರೆ ಕನ್ನಿತ್ಸೊ, ತುರಿ ಎಂದು ಕರೆಯಲ್ಪಡುತ್ತಿದ್ದವನು, ಇದ್ದಿಲು ಮಾರುವ ಗಾಡಿಯವನಾಗಿದ್ದು, ಅವನ ಕೈಯಲ್ಲಿ ಎಂದೂ ಊರುಗೋಲು ಇರಲಿಲ್ಲವೆಂದೂ. ಯಾವ ಸೇತುವೆಯ ಮೇಲೂ ಯಾವ ದರೋಡೆಕೋರರನ್ನೂ ಅವನು ಕಂಡಿರಲಿಲ್ಲವೆಂದೂ. ತಾನು ಈ ಕುರಿತು ಸಭ್ಯರ ಕೂಟದಲ್ಲಿ ಹೇಳಿದ್ದೆಲ್ಲ ಕಟ್ಟುಕಥೆಯೆಂದೂ.

ಅಜ್ಜನ ಹೆಸರು ಬಂದಾಗ ಕೊನ್ಸೊಲಾತಾ ಬಾಗಿಲ ಚೌಕಟ್ಟಿನಿಂದ ಬೆನ್ನು ತೆಗೆದು ನೆಟ್ಟಗೆ ನಿಂತಳು. ಆ ಹೆಸರು ಇಷ್ಟು ಪೂರ್ತಿಯಾಗಿ, ಇಷ್ಟು ಜನರ ನಡುವೆ, ಅವನ ಹೆಣ ಎತ್ತಿದ ದಿನವೂ ಉಚ್ಚಾರವಾಗಿರಲಿಲ್ಲ. ಜೆಸುವಾಲ್ಡೊ ನೆಲ ನೋಡುತ್ತ ಸಹಿ ಹಾಕಿದ. ನಗು ಎಲ್ಲಿಂದ ಶುರುವಾಗುತ್ತದೆ ಎಂದು ಕಾದ.

ನಗು ಬರಲಿಲ್ಲ. ಮೇಸ್ತ್ರಿ ಕಲೋಜೆರೊ ನಿಧಾನವಾಗಿ ಟೋಪಿ ತೆಗೆದ.

“ಮನುಷ್ಯ ಅಂದ್ರೆ ಹೀಗಿರಬೇಕು,” ಎಂದ. “ಸತ್ತ ಅಜ್ಜನ ಹೆಸರು ಕೋರ್ಟಿಗೆ ಹೋಗಬಾರದು ಅಂತ ತನ್ನನ್ನೇ ಸುಳ್ಳುಗಾರ ಅಂತ ಬರೆಸಿಕೊಂಡ. ಇದ್ದಿಲು ಮಾರ್ತಿದ್ದ ಅಂತೆ. ತಾಯಿ ಹೊಟ್ಟೇಲಿ ಹುಟ್ಟಿದ ಯಾವನು ತನ್ನಜ್ಜನ ಬಗ್ಗೆ ಹಾಗೆ ಹೇಳ್ತಾನೆ, ಅದಕ್ಕಿಂತ ದೊಡ್ಡದೊಂದು ಮುಚ್ಚಿಡೋದಿಲ್ಲದೆ?”

ಮನೆ ತುಂಬ ಒಂದು ಮೆಚ್ಚುಗೆಯ ಗೊಣಗು ಹರಡಿತು. ಫಿರೆತ್ತಿಯವರು ಬಾಗಿ, ಕಾನೂನಿನ ದೃಷ್ಟಿಯಿಂದ ಹೇಳಿಕೆ ಅದ್ಭುತವಾಗಿದೆ, ಒಂದು ಬಿರುಕೂ ಇಲ್ಲ, ಬೆಳ್ಳುಳ್ಳಿಯ ವಿವರವಂತೂ ಬಲ್ಲವನ ಕೈಚಳಕ ಎಂದು ಅವನ ಕಿವಿಯಲ್ಲಿ ಹೇಳಿದರು. ಹೆಂಗಸರು ಮತ್ತೆ ಕಣ್ಣೊರೆಸಿಕೊಂಡರು. ಈ ಸಲ ಕಾರಣವಿತ್ತು. ಎಲ್ಲರೂ ಬೆರ್ತೊಲಿನ್ ಅವರನ್ನು ಕರುಣೆಯಿಂದ ನೋಡಿದರು, ದೂರದ ಊರಿನಿಂದ ಬಂದು ಮೋಸಹೋದ ಒಳ್ಳೆಯ ಮನುಷ್ಯನನ್ನು ನೋಡುವ ಹಾಗೆ. ತಮಗೆ ಸಹಿ ಬಿದ್ದರೆ ಸಾಕು, ಅದರಾಚೆ ಊರು ಏನು ನಂಬುತ್ತದೆಂಬುದು ತಮ್ಮ ಠಾಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದ ಅವರು, ಊರುಗೋಲನ್ನು ಕಂಕುಳಲ್ಲಿಟ್ಟುಕೊಂಡು, ಸಾರಿನ ಬಟ್ಟಲನ್ನು ಹಿಂತಿರುಗಿಸಿ ಹೊರಟುಹೋದರು. ಮೊಕದ್ದಮೆ ಇರಲಿಲ್ಲ. ಕುರ್ಚಿಯೂ ಹೋಗಿರಲಿಲ್ಲ. ಜೆಸುವಾಲ್ಡೊ ಎರಡು ದಾರಿಗಳಲ್ಲೂ ಒಮ್ಮೆಗೇ ಪಾರಾಗಿದ್ದ.

ಕೊನ್ಸೊಲಾತಾ ಅವನನ್ನೇ ನೋಡುತ್ತಿದ್ದಳು. ಈಗ ಬೇಕಾದದ್ದು ಒಂದೇ ಮಾತು: ಇಲ್ಲ, ಅಧಿಕಾರಿ ಓದಿದ್ದೇ ನಿಜ. ಅವನು ಬಾಯಿ ತೆರೆದ.

ಅದೇ ಗಳಿಗೆಯಲ್ಲಿ ಫಿರೆತ್ತಿಯವರು ಎದ್ದು, ಊರುಗೋಲು ಹೋದರೂ ಅದನ್ನು ಹಿಡಿದ ಕೈಯನ್ನು ಊರು ಮರೆಯಬಾರದು, ಕೂಟದ ಗೋಡೆಗೆ ಆ ಹಿರಿಯರ ಒಂದು ವರ್ಣಚಿತ್ರ ಬರೆಸಿ ಹಾಕಲಾಗುವುದು ಎಂದು ಘೋಷಿಸಿದರು. ಬಿಳಿ ಕೈಗವಸು, ಎತ್ತರದ ಕಾಲರು, ದಟ್ಟವಾದ ಮೀಸೆ. ಮೀಸೆ ಹಾಗೇ ಇತ್ತಲ್ಲವೇ, ದೊನ್ ಜೆಸುವಾಲ್ಡೊ?

ಎಲ್ಲರೂ ಕಾದರು. ತೆರೆದ ಬಾಯಿಂದ ಏನಾದರೂ ಬರಲೇಬೇಕಿತ್ತು.

“ಇನ್ನು ಸ್ವಲ್ಪ ತೆಳ್ಳಗಿತ್ತು,” ಎಂದ ಜೆಸುವಾಲ್ಡೊ. “ತುದಿ ಮೇಲಕ್ಕೆ ತಿರುವಿರ್ತಿತ್ತು.”

ಒಬ್ಬೊಬ್ಬರಾಗಿ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಹೊರಟರು. ಫಿರೆತ್ತಿ ಅವನ ಎರಡೂ ಕೆನ್ನೆಗೆ ಮುತ್ತಿಟ್ಟರು. ಖಾಲಿ ಪಾತ್ರೆ ತೊಳೆಯಲು ನೂನ್ಸಿಯಾ ಒಳಗೆ ಹೋದಳು. ನೀರಿರಲಿಲ್ಲ, ಅವಳು ಯಾರನ್ನೋ ಬೈದುಕೊಳ್ಳುವುದು ಕೇಳಿಸಿತು. ಕೋಣೆಯಲ್ಲಿ ಉಳಿದವಳು ಕೊನ್ಸೊಲಾತಾ ಒಬ್ಬಳೇ. ಅವಳು ತಲೆವಸ್ತ್ರವನ್ನು ಗಲ್ಲದ ಕೆಳಗೆ ಕಟ್ಟಿಕೊಳ್ಳುತ್ತಿದ್ದಳು. ಹುಲ್ಲು ಹೆಣೆದೂ ಹೆಣೆದೂ ಬೆರಳುಗಳು ಗಂಟುಕಟ್ಟಿದ್ದವು. ಗಂಟು ಬೀಳಲು ಹೊತ್ತಾಗುತ್ತಿತ್ತು.

“ಹೇಳ್ತಿದ್ದೆ ಅಕ್ಕಾ,” ಎಂದ ಅವನು. “ಆ ಗಲಾಟೇಲಿ ಸಮಯ ಸಿಗಲಿಲ್ಲ.”

“ಮೀಸೆ ವಿಷಯಕ್ಕೆ ಸಿಕ್ತಲ್ಲ.”

ಅವಳ ದನಿಯಲ್ಲಿ ಕೋಪವಿದ್ದಿದ್ದರೆ ಉತ್ತರ ಹುಡುಕಬಹುದಿತ್ತು.

“ಇರಲಿ ಬಿಡು. ಪಾಲು ಆಯ್ತು,” ಎಂದಳು ಕೊನ್ಸೊಲಾತಾ. “ಮೀಸೆಯವನು ನಿನಗೇ ಇರಲಿ, ಗೋಡೆಗೆ ಚೆನ್ನಾಗಿ ಕಾಣ್ತಾನೆ. ಇನ್ನೊಬ್ಬನನ್ನ ನಾನು ಕರ್ಕೊಂಡು ಹೋಗ್ತೀನಿ.”

ಅವಳು ಹೊಸ್ತಿಲು ದಾಟಿ, ಯಾರೋ ಹಿಂದೆ ಬರುತ್ತಿದ್ದಾರೆಂಬಂತೆ ಒಂದು ಕ್ಷಣ ತಡೆದು ನಿಂತಳು. ಆಮೇಲೆ ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು.